ದೀಪ ಹತ್ತುವವರೆಗೆ ಫ್ಯಾನ್ ಇಲ್ಲ

ನಿನ್ನೆ ಸಂಜೆಯ ಪಿತ್ತ ಇನ್ನೂ ಇಳಿದಿಲ್ಲ ಮಾರಾಯ್ರೆ. ನಮ್ಮ ಏರಿಯಾದ ಲೈಬ್ರರಿಯಲ್ಲಿ ತಿಂಗಳಿಗೊಮ್ಮೆ ಪುಸ್ತಕ ಚರ್ಚೆ ಅಂತ ಉಂಟು, ಊರಿನ ಲೇಖಕರನ್ನು ಕರೆದು ಅವರ ಪುಸ್ತಕದ ಬಗ್ಗೆ ಅವರ ಬಾಯಿಂದಲೇ ಕೇಳುವುದು. ಬರುವವರು ಹೆಚ್ಚೆಂದರೆ ಇಪ್ಪತ್ತು ಜನ, ಅದ್ರಲ್ಲಿ ಕೆಲವರು ಪೇಪರ್ ಓದ್ಲಿಕ್ಕೆ ಬಂದು ಸಿಕ್ಕಿಬಿದ್ದವರು. ಮಂಗಳೂರಿನ ಮೇ ತಿಂಗಳ ಸೆಕೆ ನಿಮಗೆ ಗೊತ್ತೇ ಉಂಟಲ್ಲ, ಮಿಂದು ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರು.

ಇಷ್ಟು ಜನಕ್ಕೆ ಸುತ್ತ ಕುರ್ಚಿ ಹಾಕಿ ಕೂತ್ರೆ ಸಾಕಲ್ಲ? ಇಲ್ಲ. ಬ್ಯಾನರ್ ಬೇಕು, ಪ್ರಾರ್ಥನೆ ಬೇಕು, ಹಾರ ಬೇಡ ಪುಸ್ತಕ ಕೊಡ್ತೇವೆ ಅಂತ ಮೈಕಲ್ಲಿ ಹೇಳಿ ಮತ್ತೆ ಶಾಲೂ ಬೇಕು. ಎಲ್ಲಕ್ಕಿಂತ ಮೊದಲು ದೀಪ ಬೆಳಗಬೇಕು. ದೀಪ ಅಂದ್ರೆ ಫ್ಯಾನ್ ಆಫ್.

ನಿನ್ನೆ ಫ್ಯಾನ್ ಆಫ್ ಆದ ಮೇಲೂ ಬತ್ತಿ ಆರಿತು ಅಂತ ಕಿಟಕಿಯನ್ನೂ ಹಾಕಿಸಿದ್ರು. ಐದು ಬತ್ತಿ, ಒಂದು ಮೇಣದ ಬತ್ತಿ, ಅದು ಗಣ್ಯರ ಕೈಯಿಂದ ಕೈಗೆ ಹೋಗ್ಬೇಕು. ಆ ಹೊತ್ತನ್ನು ತುಂಬ್ಲಿಕ್ಕೆ ನಮ್ಮ ನಿರೂಪಕರು ಇದ್ದಾರಲ್ಲ. ಅವರದ್ದು ಒಂದು ಅಭ್ಯಾಸ, ಯಾವ ಲೇಖಕರು ಬಂದ್ರೂ ಪರಿಚಯ 1843ರಿಂದಲೇ ಶುರು. "ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟ ಈ ಮಣ್ಣಿನಲ್ಲಿ..." ಅಷ್ಟರಲ್ಲಿ ಮೊದಲ ಬತ್ತಿ ಹತ್ತಿತು. ಎರಡನೆಯದು ಹತ್ತುವಾಗ 1894, ಕಿಟೆಲರ ನಿಘಂಟು ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯ್ತು. ಅಷ್ಟೊತ್ತಿಗೆ ಮೊದಲನೆಯದು ಆರಿತು. ಆರಿದ್ದಕ್ಕೆ ಅವರು ಪುನಃ ಆ ಮೊದಲ ಪತ್ರಿಕೆ ಹೊರಡಿಸಿದ ಮೊಗ್ಲಿಂಗ್ ಹತ್ರ ಹೋದ್ರು, ಸತ್ಯ ಹೇಳ್ತೇನೆ, ಪುನಃ ಹೋದ್ರು! ಯಾರೋ ಕರ್ಪೂರ ಇಡಿ ಅಂದ್ರು, ಲೈಬ್ರರಿಯಲ್ಲಿ ಕರ್ಪೂರ ಎಲ್ಲಿಂದ? ಮನೆ ತೆರಿಗೆ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುವವ ನಾನು, ಆ ಫ್ಯಾನಿನಲ್ಲಿ ನನ್ನದೂ ಒಂದು ರೆಕ್ಕೆ ಉಂಟು, ಅದನ್ನೇ ನೋಡ್ತಾ ಕೂತಿದ್ದೆ.

ಲೇಖಕರು ಪಾಪ, ಉಡುಪಿ-ಮಂಗಳೂರು ಸರ್ವಿಸ್ ಬಸ್ಸಲ್ಲಿ ವರ್ಷಗಟ್ಟಲೆ ಕಂಡಕ್ಟರ್ ಆಗಿದ್ದವರು. ಸ್ವಂತ ಖರ್ಚಲ್ಲಿ ಕತೆ ಪುಸ್ತಕ ಮಾಡಿ, ಬಟ್ಟೆ ಚೀಲದಲ್ಲಿ ತಂದು ಕಾಲ ಬುಡದಲ್ಲಿಟ್ಟಿದ್ರು. ನಿರೂಪಕರು 1949ಕ್ಕೆ ಬಂದು ಗೋವಿಂದ ಪೈಗಳನ್ನು ರಾಷ್ಟ್ರಕವಿ ಮಾಡಿದ್ರು. ನಾಲ್ಕನೇ ಬತ್ತಿ ಹತ್ತಿತು, ಮೂರನೆಯದು ಆರಿತು. ಎದುರಿದ್ದ ಮೈಕ್ ಆನ್ ಇದೆ ಅಂತ ಗೊತ್ತಿತ್ತೋ ಇಲ್ವೋ, ಲೇಖಕರು ನಿಂತ ಬಸ್ಸನ್ನು ಹೊರಡಿಸುವ ಹಾಗೆ ತುಳುವಿನಲ್ಲಿ ಜೋರಾಗಿ ಅಂದ್ರು, "ರೈಟ್ ಪೋಯಿ!"

ಇಡೀ ಹಾಲು ನಕ್ಕಿತು. ಲೈಬ್ರರಿ ಅಕ್ಕ ಅದೇ ಗಡಿಬಿಡಿಯಲ್ಲಿ ಫ್ಯಾನ್ ಹಾಕಿಬಿಟ್ರು, ಇದ್ದಬದ್ದ ಬತ್ತಿಯೂ ಆರಿತು. ನಿರೂಪಕರು ಮಾತ್ರ ಬ್ರೇಕ್ ಹಾಕ್ಲಿಲ್ಲ, 1977ಕ್ಕೆ ಹೋಗಿ ಕಾರಂತರಿಗೆ ಜ್ಞಾನಪೀಠ ಕೊಡಿಸಿಯೇ ಕೂತದ್ದು.

ಆಮೇಲೆ ಲೇಖಕರಿಗೆ ಸಿಕ್ಕಿದ್ದು ಹತ್ತು ನಿಮಿಷ. ಒಂದೇ ಪುಟ ಓದಿದ್ರು. ಪಡುಬಿದ್ರಿಯಲ್ಲಿ ದಿನಾ ಹತ್ತುವ ಮೀನಿನ ಹೆಂಗಸು, ವಾಸನೆ ಅಂತ ಗೊಣಗುವ ಪ್ಯಾಸೆಂಜರು, ಯಾರ ಪರ ಮಾತಾಡ್ಬೇಕು ಅಂತ ಗೊತ್ತಾಗದೆ ಸುಮ್ನೆ ವಿಸಿಲ್ ಊದಿದ ಕಂಡಕ್ಟರು. ಅವಳು ಒಂದು ದಿನ ಬರುವುದು ನಿಂತಳಂತೆ, ಯಾಕೆ ಅಂತ ಕೇಳ್ಲಿಕ್ಕೆ ಇವರಿಗೆ ಅವಳ ಹೆಸರೂ ಗೊತ್ತಿರ್ಲಿಲ್ಲವಂತೆ. ನಾನು ಆ ಬಸ್ಸಲ್ಲಿ ಕಾಲೇಜಿಗೆ ಹೋದವ, ಮೂಗು ಮುಚ್ಚಿಕೊಂಡು ಕೂತವರಲ್ಲಿ ಎಷ್ಟು ಜನರ ಮುಖ ನೆನಪಾಯ್ತು. ಇನ್ನೊಂದು ಪುಟ ಓದಿ ಅಂತ ಹೇಳ್ಬೇಕು ಅನ್ನುವಷ್ಟರಲ್ಲಿ ಅಕ್ಕ ಬೀಗದ ಕೈ ಕುಲುಕಿದ್ರು, ಉಳಿದ ಹೊತ್ತು ವಂದನಾರ್ಪಣೆಗೆ ಹೋಯ್ತು. ಎಣ್ಣೆ ಕೊಟ್ಟವರಿಗೂ ಥ್ಯಾಂಕ್ಸ್ ಹೇಳಿದ್ರು. ಚರ್ಚೆ? ಅದು ಬ್ಯಾನರಲ್ಲಿ ಇತ್ತು.

ಹೊರಗೆ ಬಂದು ನಾನೊಂದು ಪುಸ್ತಕ ತಗೊಂಡೆ. ಇನ್ನೂರರ ನೋಟು ಕೊಟ್ರೆ, ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸಿ ಚಿಲ್ಲರೆ ಎಣಿಸಿಯೇ ಕೊಟ್ರು. ನಿರೂಪಕರು ದುಡ್ಡು ಕೊಡ್ಲಿಲ್ಲ, "ಗೌರವ ಪ್ರತಿ ಒಂದು ಇರ್ಲಿ" ಅಂತ ತಗೊಂಡ್ರು. ಸಹಿಯನ್ನೂ ಹಾಕಿಸಿಕೊಂಡು, ಮೇಲಿಂದ ಹೇಳಿದ್ರು, "ಕೆಳಗೆ ಇಸವಿ ಹಾಕಿ, ಮುಂದಕ್ಕೆ ಬೇಕಾಗ್ತದೆ."