ಗುಂಡು ಹಾರಿದ ಮೇಲಿನ ಹೊತ್ತನ್ನೂ ಲೆಕ್ಕಕ್ಕೆ ತಗೊಳ್ಳಿ
ಜಿಂಕೆ ಬೇಟೆಗೆ ಮುಂಜಾನೆಗಿಂತ ಸಂಜೆಯೇ ಒಳ್ಳೆಯದು ಎಂದು ಲೇಖನದಲ್ಲಿ ಬರೆದಿದ್ದೀರಿ. ಸಂಜೆ ಜಿಂಕೆ ಕಣ್ಣಿಗೆ ಬೀಳುವುದು ಸುಲಭ, ಒಪ್ಪುತ್ತೇನೆ. ಹಗಲು ಬಹುಪಾಲು ಮಲಗಿ ಮೆಲುಕು ಹಾಕುತ್ತಿದ್ದ ಪ್ರಾಣಿ ಕತ್ತಲಾಗುವ ಮುಂಚೆ ಮೇವಿಗೆ ಹೊರಡುತ್ತದೆ. ಆದರೆ ಗುಂಡು ಹಾರಿದ ಮೇಲೆ ಏನು? ಅದನ್ನೂ ಬರೆಯಬೇಕಿತ್ತು ಅಲ್ವಾ?

ಸರಿಯಾದ ಜಾಗಕ್ಕೇ ಪೆಟ್ಟು ಬಿದ್ದರೂ ಜಿಂಕೆ ಎಷ್ಟೋ ಸಲ ದೂರ ಓಡಿಯೇ ಬೀಳುತ್ತದೆ. ತಕ್ಷಣ ಬೆನ್ನು ಹತ್ತಬಾರದು, ಅರ್ಧ ಗಂಟೆಯಾದರೂ ಕಾಯಬೇಕು. ಸಂಜೆಯಾದರೆ ಅಷ್ಟರಲ್ಲಿ ಕತ್ತಲು. ಒಣ ಎಲೆಗಳ ನಡುವೆ ಸಾಸಿವೆ ಕಾಳಿನಷ್ಟು ರಕ್ತದ ಕಲೆಯನ್ನು ಟಾರ್ಚ್ ಬೆಳಕಲ್ಲಿ ಹುಡುಕಬೇಕು. ಜಾಡು ತಪ್ಪಿದರೆ ಗಾಯಗೊಂಡ ಪ್ರಾಣಿ ರಾತ್ರಿಯೆಲ್ಲ ನರಳುತ್ತದೆ. ಬೆಳಗ್ಗೆಯಾದರೆ ಹುಡುಕಲು ಇಡೀ ಹಗಲು ಇರುತ್ತದೆ. ಹೊಸಬರಿಗೆ ನಾನು ಬೆಳಗ್ಗೆಯನ್ನೇ ಹೇಳುವುದು ಇದಕ್ಕಾಗಿ.

ಬೆಳಗ್ಗೆ ಹೋಗುವವರು ಮೇಯುವ ಬಯಲನ್ನು ದಾಟಿಕೊಂಡು ಹೋಗಬೇಡಿ. ಕತ್ತಲಲ್ಲಿ ಅಲ್ಲೇ ಇರುವ ಜಿಂಕೆಗಳು ಬೆದರಿ ಓಡುತ್ತವೆ. ಸುತ್ತಿ ಬಳಸಿ ಹೋದರೂ ಪರವಾಗಿಲ್ಲ. ಇನ್ನು ಗಾಳಿ. ಗುಡ್ಡದಲ್ಲಿ ಬಿಸಿಲೇರಿದಂತೆ ಗಾಳಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಣ್ಣಗಾಗಿ ಕೆಳಕ್ಕೆ ಇಳಿಯುತ್ತದೆ. ಜಿಂಕೆ ಬರುವ ದಾರಿಗಿಂತ ಬೆಳಗ್ಗೆ ಮೇಲೆ, ಸಂಜೆ ಕೆಳಗೆ ಕೂತರೆ ನಿಮ್ಮ ವಾಸನೆ ಅದಕ್ಕೆ ಸಿಗುವುದು ಕಡಿಮೆ.

ಬೆದೆಗಾಲದಲ್ಲಿ ಮಾತ್ರ ಲೆಕ್ಕ ಬೇರೆ. ಹೆಣ್ಣನ್ನು ಹುಡುಕುತ್ತಾ ಗಂಡು ಜಿಂಕೆ ನಡುಮಧ್ಯಾಹ್ನವೂ ಓಡಾಡುತ್ತದೆ. ಆಗ ಬೆಳಗ್ಗೆ ಹತ್ತು ಗಂಟೆಗೇ ಕೂತ ಜಾಗ ಬಿಟ್ಟು ವಾಪಸ್ ಬರಬೇಡಿ, ಬುತ್ತಿ ಕಟ್ಟಿಕೊಂಡು ಹೋಗಿ. ಬೇಟೆಗೆ ಅನುಮತಿ ಇರುವ ಹೊತ್ತು ಯಾವುದು ಎಂದು ಮೊದಲೇ ನೋಡಿಕೊಳ್ಳಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಅದು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಶುರುವಾಗುತ್ತದೆ.