ಹದಿನೇಳನೇ ತಾರೀಖಿಗೇ ನಿಂತುಹೋಗುವ ಪಾಠ

1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಶರಣಾಯಿತು. ಅದರ ನೆನಪಿಗೆ ಪ್ರತಿ ಸೆಪ್ಟೆಂಬರ್ 17ಕ್ಕೆ ಕೊಪ್ಪಳ, ರಾಯಚೂರಿನ ಶಾಲೆಗಳಲ್ಲಿ ಧ್ವಜ ಏರುತ್ತದೆ. ನಾವಿರುವ ಹೈದರಾಬಾದಿನಲ್ಲೂ ಏರುತ್ತದೆ, ಆದರೆ ಇಲ್ಲಿ ದಿನದ ಹೆಸರಿಗೇ ಜಗ್ಗಾಟ. 2022ರಲ್ಲಿ ತೆಲಂಗಾಣ ರಾಜ್ಯದವರು ಸಮೈಕ್ಯತಾ ದಿನ ಅಂದರು, ಕೇಂದ್ರದವರು ಅದೇ ಊರಲ್ಲಿ ವಿಮೋಚನಾ ದಿನ ಮಾಡಿದರು. 2024ಕ್ಕೆ ಅದು ಪ್ರಜಾ ಪಾಲನಾ ದಿನೋತ್ಸವವಾಯಿತು. ನಗು ಬರುತ್ತದೆ, ನಿಜ. ಆದರೂ ಇಲ್ಲಿನ ಹುಡುಗರಿಗೆ ಆ ದಿನದ ಬಗ್ಗೆ ಎರಡು ಮಾತಿವೆ ಎಂಬುದಾದರೂ ಕಿವಿಗೆ ಬೀಳುತ್ತದೆ. ಕರ್ನಾಟಕದ ನಮ್ಮ ಕಡೆ ಮಕ್ಕಳಿಗೆ ಸಿಗುವುದು ಒಂದೇ: ನಿಜಾಮನ ಪರದ ಖಾಸಗಿ ಪಡೆಯಾದ ರಜಾಕಾರರು ಹಾವಳಿ ಮಾಡಿದರು, ಪಟೇಲರು ಪಡೆ ಕಳಿಸಿದರು, ಬಿಡುಗಡೆಯಾಯಿತು.

ಹಾವಳಿ ಸುಳ್ಳಲ್ಲ. 1948ರ ಮೇ ತಿಂಗಳಲ್ಲಿ ಬೀದರ್ ಸೀಮೆಯ ಗೋರಟಾದಲ್ಲಿ ರಜಾಕಾರರು ಮಾಡಿದ ಕೊಲೆಗಳನ್ನಾಗಲಿ, ನಿಜಾಮನ ವಿರುದ್ಧ ಹೋರಾಡಿದ ಮುಂಡರಗಿ ಶಿಬಿರದ ಅಳವಂಡಿ ಶಿವಮೂರ್ತಿಸ್ವಾಮಿಯವರನ್ನಾಗಲಿ ಬಿಟ್ಟು ಪಾಠ ಮಾಡಲಾಗದು. ತಕರಾರು ಅದಾದ ಮೇಲಿನದರ ಬಗ್ಗೆ. ನಿಜಾಮನ ಸೇನೆ ಶರಣಾದ ಮೇಲೆ ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್ ಸೀಮೆಯಲ್ಲಿ ಮುಸ್ಲಿಮರ ಕೊಲೆ, ಲೂಟಿ ನಡೆಯಿತು. ಕೇಂದ್ರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜು ಕೊಟ್ಟಿತು. ಆ ವರದಿಯನ್ನು ದಶಕಗಟ್ಟಲೆ ಹೊರಗೆ ಬಿಡಲಿಲ್ಲ.

ಇನ್ನೊಂದಿದೆ. ಸೋತ ನಿಜಾಮನೇ 1950ರ ಜನವರಿ 26ರಿಂದ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖ, ಅಂದರೆ ರಾಜ್ಯಪಾಲರಂಥ ಮುಖ್ಯಸ್ಥ. ‘ನಿಜಾಮನಿಂದ ಬಿಡುಗಡೆ’ ಎಂದು ಬಾಯಿಪಾಠ ಮಾಡಿದ ಮಗು ಇದನ್ನು ಕೇಳಿ ಪ್ರಶ್ನೆ ಹಾಕಿದರೆ ಮೇಷ್ಟ್ರ ಹತ್ತಿರ ಉತ್ತರ ಇರಬೇಕಲ್ಲ! ತೆಲಂಗಾಣದವರು ಹೇಳುವ ಕಥೆಯಲ್ಲಿ ದೊರೆಗಳೆಂಬ ಜಮೀನ್ದಾರರ ಜಮೀನು, ವೆಟ್ಟಿಚಾಕರಿ ಎಂಬ ಬಿಟ್ಟಿ ದುಡಿಮೆ ಮುಂದೆ ನಿಲ್ಲುತ್ತವೆ. ಅವುಗಳ ವಿರುದ್ಧದ ರೈತ ಹೋರಾಟ ಭಾರತದ ಸೇನೆ ಬಂದ ಮೇಲೂ 1951ರವರೆಗೆ ನಡೆಯಿತು. ನಮ್ಮಲ್ಲಿ ಜಮೀನಿನ ಮಾತೇ ಏಳುವುದಿಲ್ಲ. ಕೊಪ್ಪಳ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗರ ಮನೆತನದ ಜಾಗೀರು (ಉಂಬಳಿ ಸೀಮೆ) ಆಗಿತ್ತು, ಜಾಗೀರುಗಳು ರದ್ದಾದದ್ದು 1949ರಲ್ಲಿ ಎಂದು ಎಷ್ಟು ಮಕ್ಕಳಿಗೆ ಗೊತ್ತು?

ಇದನ್ನು ಕಲಿಸಲು ಎರಡು ಪೀರಿಯಡ್ ಸಾಕು. ಮೊದಲನೆಯದರಲ್ಲಿ ಬೋರ್ಡಿನ ಮೇಲೆ ಉದ್ದ ಗೆರೆ ಎಳೆದು, ಭಾರತ ಮತ್ತು ನಿಜಾಮನ ನಡುವಿನ 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದಿಂದ, ಹೈದರಾಬಾದ್ ರಾಜ್ಯ ಹಂಚಿಹೋದ 1956ರ ನವೆಂಬರ್ 1ರವರೆಗೆ ತಾರೀಖು ಬರೆಸಬೇಕು. 1948ರ ಸೆಪ್ಟೆಂಬರ್ 17 ಮೊದಲರ್ಧದಲ್ಲೇ ಬಂದುಬಿಡುತ್ತದೆ. ಉಳಿದ ಖಾಲಿ ಜಾಗ ಮಕ್ಕಳ ಕಣ್ಣಿಗೇ ಹೊಡೆಯುತ್ತದೆ. ಆಮೇಲೆ ಮನೆಗೆಲಸ. ‘ರಜಾಕಾರರು ಏನು ಮಾಡಿದರು’ ಎಂದಷ್ಟೇ ಕೇಳಿ ಬನ್ನಿ ಅಂದರೆ ತರಗತಿಯ ಮುಸ್ಲಿಂ ಮಗು ತಲೆ ತಗ್ಗಿಸಿ ಕೂರುತ್ತದೆ. ‘ಆ ವರ್ಷ ಊರು ಬಿಟ್ಟವರು ಯಾರು, ಯಾರಿಗೆ ಹೆದರಿ, ತಿರುಗಿ ಬಂದವರು ಯಾರು’ ಎಂದು ಕೇಳಿಸಬೇಕು. ಆಗ ಎರಡೂ ಕಡೆಯವರ ಮನೆಯಿಂದ ಉತ್ತರ ಬರುತ್ತದೆ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಹಾಗಾಗಿ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಬೇರೆ ಬರೆಸುವುದು ಮುಖ್ಯ.

ಎರಡನೇ ಪೀರಿಯಡ್ಡಿಗೆ ಸುಂದರಲಾಲ್ ವರದಿಯ ಒಂದು ಭಾಗ ಸಾಕು: ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಕಾಪಾಡಲು ಹೋಗಿ ತಾವೇ ಪ್ರಾಣ ತೆತ್ತ ಸಂಗತಿ ಅದರಲ್ಲೇ ಇದೆ.