ಗುಂಪಿಗೆ ಬೀದರ್ ತೋರಿಸುವುದು: ನಡೆಸಿಯೋ, ಬಸ್ಸಿನಲ್ಲೋ?

ಪರ: ಬಸ್ಸನ್ನು ಹಳೇ ಊರಿನ ಹೊರಗೇ ನಿಲ್ಲಿಸಿ

ಇಪ್ಪತ್ತು ಜನ ಬರುತ್ತೇವೆ, ಬೀದರ್‌ನಲ್ಲಿ ಒಂದು ದಿನಕ್ಕೆ ಪ್ಲಾನ್ ಮಾಡಿಕೊಡಿ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ ಮಾತು. ಎಲ್ಲರಿಗೂ ನಡೆಯೋಕೆ ಆಗುವಂಥ ಚಪ್ಪಲಿ ಇದೆ ಅಲ್ವಾ? ಬಸ್ಸಿನ ಮಾತು ಆಮೇಲೆ.

ಈ ಊರು ಬೆಳೆದಿದ್ದೇ ಕಾಲ್ನಡಿಗೆಯ ಅಳತೆಯಲ್ಲಿ. ಬಹಮನಿ ಸುಲ್ತಾನ ಅಹ್ಮದ್ ಶಾ 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಹಳೇ ಊರಿನ ನಡುವೆ ಚೌಬಾರ ಇದೆ. 71 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ. ನಾಲ್ಕು ದಿಕ್ಕಿನ ರಸ್ತೆಗಳು ಅಲ್ಲೇ ಕೂಡುತ್ತವೆ. ಅಲ್ಲಿಂದ ಕೋಟೆ ಕಡೆ ಹೊರಟರೆ ಮೊದಲು ತಖ್ತ್-ಎ-ಕಿರ್ಮಾನಿ ಎಂಬ ಹಳೇ ಹೆಬ್ಬಾಗಿಲು, ಆಮೇಲೆ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ, ಆಮೇಲೆ ಕೋಟೆ. ಎಲ್ಲಾ ಒಂದೆರಡು ಕಿಲೋಮೀಟರಿನೊಳಗೆ. ಇಷ್ಟು ದಾರಿಗೆ ನಾಲ್ಕು ಸಲ ಬಸ್ ಹತ್ತಬೇಕು, ಇಳಿಯಬೇಕು, ಪ್ರತಿ ಸಲ ತಲೆ ಎಣಿಸಬೇಕು. ಹಳೇ ಊರಿನ ರಸ್ತೆಗಳಲ್ಲಿ ದೊಡ್ಡ ಬಸ್ ತಿರುಗಿಸುವುದೇ ಒಂದು ಕೆಲಸ. ಅರ್ಧ ಹೊತ್ತು ಅದಕ್ಕೇ ಹೋಗುತ್ತದೆ.

ನನ್ನ ಪ್ಲಾನ್ ಸರಳ. ಬೆಳಿಗ್ಗೆ ಏಳಕ್ಕೆ ಚೌಬಾರದ ಬುಡದಲ್ಲಿ ಚಹಾ. ಆ ಹೊತ್ತಿಗೆ ಅಂಗಡಿಗಳ ಶಟರ್ ಇನ್ನೂ ಅರ್ಧ ತೆರೆದಿರುತ್ತವೆ, ರಸ್ತೆ ಖಾಲಿ. ಎಂಟಕ್ಕೆಲ್ಲ ಮದರಸಾ. 1472ರಲ್ಲಿ ಕಟ್ಟಿದ ಮೂರು ಅಂತಸ್ತಿನ ವಿದ್ಯಾಶಾಲೆ ಅದು. 1696ರ ಸ್ಫೋಟದಲ್ಲಿ ಒಂದು ಭಾಗ ಹಾರಿಹೋಯಿತು. ಮುಂದೆ ಎರಡು ಮಿನಾರುಗಳಿದ್ದವು, ಈಗ ಉಳಿದಿರುವುದು ಒಂದೇ. ಅದರ ಮೈಮೇಲೆ ಬಣ್ಣದ ಟೈಲ್ಸ್ ಅಂಕುಡೊಂಕಾಗಿ ಸುತ್ತಿಕೊಂಡಿವೆ. ಬಸ್ಸಿನಲ್ಲಿ ಬಂದವರು ಆ ಮಿನಾರಿನ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಕಟ್ಟಡದ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದವರಿಗೆ ಮಾತ್ರ ಬಿದ್ದುಹೋದದ್ದು ಎಷ್ಟು ದೊಡ್ಡದಿತ್ತು ಅಂತ ಗೊತ್ತಾಗುತ್ತದೆ.

ಇನ್ನು ಬಿದ್ರಿ, ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಇಲ್ಲಿನ ಕರಕುಶಲ ಕೆಲಸ. ಇದಕ್ಕಾಗಿಯೇ ನಾನು ನಡಿಗೆಯ ಪಕ್ಷ. ಬಸ್ ಟೂರುಗಳಲ್ಲಿ ಬಿದ್ರಿ ಅಂದರೆ ಒಂದು ಶೋರೂಮ್, ಹತ್ತು ನಿಮಿಷ, ಒಂದು ಕೀಚೈನ್. ಚೌಬಾರದ ಹತ್ತಿರದ ಗಲ್ಲಿಗಳಲ್ಲಿ ನಡೆದರೆ ಸುತ್ತಿಗೆ ಸದ್ದೇ ದಾರಿ ತೋರಿಸುತ್ತದೆ. ಹೋದ ಡಿಸೆಂಬರ್‌ನಲ್ಲಿ ಮೈಸೂರಿನಿಂದ 14 ಜನ ಬಂದಿದ್ದರು. ಕಾರ್ಖಾನೆ ಅಂದರೆ ಒಂದು ಸಣ್ಣ ಕೋಣೆ. ಏಳು ಜನ ಒಳಗೆ, ಏಳು ಜನ ಹೊರಗೆ ಕಟ್ಟೆ ಮೇಲೆ, ಆಮೇಲೆ ಅದಲು ಬದಲು. ಒಳಗೆ ಹಿರಿಯ ಕೆಲಸಗಾರರೊಬ್ಬರು ನೆಲದ ಮೇಲೆ ಕೂತಿದ್ದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂದಾನಿ ಅವರ ಮುಂದಿತ್ತು. ಉಳಿಯಿಂದ ಬಳ್ಳಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿದಾಗಿತ್ತು. ಉಜ್ಜಿದ ಮೇಲೆ ಇಡೀ ಹೂದಾನಿ ಒಂದೇ ಬೂದು ಬಣ್ಣ. ಬೆಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಅದನ್ನು ಬಿಸಿ ಮಾಡಿ, ಕೋಟೆ ಮಣ್ಣು ಮತ್ತು ನವಸಾಗರ ಎಂಬ ಲವಣ ಕಲಸಿದ್ದನ್ನು ಮೇಲೆ ತಿಕ್ಕಿದರು. ನಮ್ಮ ಗುಂಪಿನ ಒಂದು ಹುಡುಗಿ ಕತ್ತು ಚಾಚಿ ನೋಡುತ್ತಿದ್ದಳು. ‘ಬೇಟಿ, ನೀನೇ ತೊಳೆದು ನೋಡು’ ಎಂದು ಅವಳ ಕೈಗೇ ಕೊಟ್ಟರು. ನೀರು ಬಿದ್ದಿದ್ದೇ ತಡ, ಮೈಯೆಲ್ಲ ಕಾಡಿಗೆ ಕಪ್ಪು, ಬಳ್ಳಿ ಮಾತ್ರ ಬೆಳ್ಳಗೆ! ಆ ಹುಡುಗಿ ಹೂದಾನಿ ವಾಪಸ್ ಕೊಡೋಕೆ ಎಷ್ಟು ಹೊತ್ತು ತೆಗೆದುಕೊಂಡಳು ಅಂತೀರಿ. ಆಮೇಲೆ ಇಡೀ ಗುಂಪು ಕೋಟೆಗೆ ಹೋದಾಗ ಕಾಲ ಕೆಳಗಿನ ಮಣ್ಣನ್ನು ಬಗ್ಗಿ ಮುಟ್ಟಿ ನೋಡಿತು. ಇದನ್ನು ಯಾವ ಬಸ್ ಟೂರಿನಲ್ಲಿ ಸೇರಿಸುತ್ತೀರಿ?

ಗುಂಪು ಚದುರುತ್ತದೆ ಅನ್ನುವವರಿಗೆ ಒಂದು ಮಾತು. ಮುಂದೆ ಒಬ್ಬರು, ಕೊನೆಗೆ ಒಬ್ಬರು ಊರು ಬಲ್ಲವರಿರಲಿ. 15 ಜನಕ್ಕಿಂತ ಜಾಸ್ತಿ ಇದ್ದರೆ ಎರಡು ಗುಂಪು ಮಾಡಿ, ಅರ್ಧ ಗಂಟೆ ಬಿಟ್ಟು ಹೊರಡಿಸಿ. ಗಲ್ಲಿಯಲ್ಲಿರುವವರಿಗೂ ತೊಂದರೆಯಾಗುವುದಿಲ್ಲ.

ಕುಡಿಯುವ ನೀರು, ಶೌಚಾಲಯದ ಪ್ರಶ್ನೆ ಬಂದೇ ಬರುತ್ತದೆ. ಅದು ಊರಿನ ಆಡಳಿತ ಸರಿಮಾಡಬೇಕಾದ ಕೆಲಸ, ನಡಿಗೆಯ ತಪ್ಪಲ್ಲ. ವಯಸ್ಸಾದವರು? ನಮ್ಮ ಅಜ್ಜ ಎಂಬತ್ತರಲ್ಲೂ ಹೊಲದವರೆಗೆ ನಡೆದೇ ಹೋಗುತ್ತಿದ್ದರು. ಅಷ್ಟೂರಿನ ಗೋರಿಗಳು, ಬಹಮನಿಗಳ ನಂತರ ಆಳಿದ ಬರೀದ್ ಶಾಹಿಗಳ ಗೋರಿಗಳು, ಝೀರಾ ಸಾಹೇಬ್ ಗುರುದ್ವಾರ ಎಲ್ಲಾ ಒಂದೇ ದಿನದಲ್ಲಿ ಮುಗಿಸಲೇಬೇಕು ಅಂತ ಯಾರಾದರೂ ಹರಕೆ ಹೊತ್ತಿದ್ದೀರಾ? ಇನ್ನೊಮ್ಮೆ ಬನ್ನಿ. ಊರು ಎಲ್ಲೂ ಹೋಗುವುದಿಲ್ಲ.

ವಿರೋಧ: ಎಲ್ಲರ ಕಾಲೂ ಒಂದೇ ಅಲ್ಲ

ವಿರೋಧದ ಕಡೆಯಿಂದ ಬರೆದುಕೊಡಿ ಎಂದರು, ಒಪ್ಪಿದೆ. ಚೌಬಾರದಿಂದ ಮದರಸಾವರೆಗೆ ನಾನೂ ನಡೆಯುವವಳೇ. ಆ ದಾರಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೀದರ್ ಅಂದರೆ ಅದೊಂದೇ ದಾರಿಯಲ್ಲ. ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು ಊರಿನ ಪೂರ್ವಕ್ಕೆ, ಬರೀದ್ ಶಾಹಿ ಗೋರಿಗಳು ಪಶ್ಚಿಮಕ್ಕೆ. ನೆಲದಡಿಯ ಹಳೇ ನೀರಿನ ಕಾಲುವೆಯಾದ ನೌಬಾದಿನ ಸುರಂಗ ಬಾವಿ ಇನ್ನೊಂದು ಮೂಲೆ, ಗುಹೆಯೊಳಗಿನ ದೇವಸ್ಥಾನ ನರಸಿಂಹ ಝರಣಿ ಮತ್ತೊಂದು ಮೂಲೆ. ದೂರದಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು ಇನ್ನೊಮ್ಮೆ ಬರುತ್ತಾರೆ ಎಂದು ಹೇಗೆ ಹೇಳುವುದು?

ನಡಿಗೆ ನಡಿಗೆ ಎನ್ನುವವರ ಕಣ್ಣಿಗೆ ಗುಂಪು ಅಂದರೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಇಪ್ಪತ್ತೈದರ ಹುಡುಗರು. ನಮ್ಮ ಕಡೆ ಪ್ರವಾಸಕ್ಕೆ ಹೊರಡುವುದು ಹೆಚ್ಚಾಗಿ ಓಣಿಯ ಹೆಂಗಸರು, ಭಜನಾ ಮಂಡಳಿಯವರು, ರಿಟೈರ್ ಆದವರು. ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯದೆ ತಡೆದುಕೊಂಡು ನಡೆಯುತ್ತಾರೆ. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಅವ್ವನ ವಿಷಯ ಹೇಳುತ್ತೇನೆ. ಕಲಬುರಗಿಯ ನಮ್ಮ ಓಣಿಯವರು 18 ಜನ ಒಂದು ಮಿನಿ ಬಸ್ ಮಾಡಿಕೊಂಡು ಬೀದರ್‌ಗೆ ಬಂದಿದ್ದೆವು. ಮಾರ್ಚ್ ತಿಂಗಳು. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅವ್ವನಿಗೆ ಆಗ 72. ಮೊಣಕಾಲು ನೋವು ಇತ್ತು, ಆದರೂ ಹೊರಟಳು. ಜೊತೆಗಿದ್ದ ಗೈಡ್ ಊರನ್ನು ನಡೆದೇ ನೋಡಬೇಕು ಎಂದು ಹಟ ಹಿಡಿದು ಬಸ್ಸನ್ನು ದೂರ ನಿಲ್ಲಿಸಿಬಿಟ್ಟ. ಕೋಟೆ ಬಾಗಿಲಿಗೆ ಬರುವ ಹೊತ್ತಿಗೇ ಹನ್ನೊಂದು ಗಂಟೆ. ರಂಗೀನ್ ಮಹಲ್ ದಾಟಿ ಸೋಲಾ ಖಂಬ ಮಸೀದಿಯ ಹತ್ತಿರ ಹೋಗುತ್ತಿದ್ದಂತೆ ಅವ್ವ ಒಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ‘ನೀವು ಹೋಗ್ರಿ, ನಾ ಇಲ್ಲೇ ಕೂಡ್ತೀನಿ’ ಅಂದಳು. ಗುಂಪು ಮುಂದೆ ತಖ್ತ್ ಮಹಲಿನ ಕಡೆ ಹೊರಟಿತು. ನಾನು ಅವ್ವನ ಜೊತೆ ಉಳಿದೆ. ಸೆರಗು ತಲೆ ಮೇಲೆ ಎಳೆದುಕೊಂಡು ಮೊಣಕಾಲು ತಿಕ್ಕುತ್ತಾ ಅವಳು ಮತ್ತೆ ಮತ್ತೆ ಹೇಳಿದ್ದು ಒಂದೇ: ‘ನನ್ನ ಸಲುವಾಗಿ ನಿನಗೂ ನೋಡೋದು ತಪ್ಪಿತು.’ ಬಿಸಿಲಿಗಿಂತ ಆ ಮಾತೇ ನನಗೆ ಜಾಸ್ತಿ ಸುಟ್ಟಿತು. ಒಂದು ಗಂಟೆ ಅವಳು ತನ್ನನ್ನು ಗುಂಪಿಗೆ ಭಾರ ಅಂದುಕೊಂಡು ಕೂತಿದ್ದಳು.

ಮಧ್ಯಾಹ್ನ ಊಟ ಮುಗಿಸಿ ಬಸ್ಸಿನಲ್ಲೇ ಅಷ್ಟೂರಿಗೆ ಹೋದೆವು. ಬಸ್ ಗೋರಿಗಳ ಹತ್ತಿರವೇ ನಿಂತಿತು. ಅವ್ವ ಕೈ ಹಿಡಿಯದೆ ಇಳಿದಳು. ರಾಜಧಾನಿಯನ್ನು ಬೀದರ್‌ಗೆ ತಂದ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿ ಅದು. ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಜಾಗ. ಚಪ್ಪಲಿ ಬಿಟ್ಟು ಒಳಗೆ ಹೋದರೆ ಕತ್ತಲೋ ಕತ್ತಲು, ಏನೂ ಕಾಣಲಿಲ್ಲ. ಅಲ್ಲಿದ್ದ ಒಬ್ಬರು ಬಾಗಿಲ ಬಳಿ ನಿಂತು ಒಂದು ಕನ್ನಡಿ ಹಿಡಿದರು. ಹೊರಗಿನ ಬಿಸಿಲು ಕನ್ನಡಿಗೆ ಬಿದ್ದು ಗುಮ್ಮಟದ ಒಳಮೈ ಮೇಲೆ ಹೋಯಿತು. ಕೆಂಪು, ಬಂಗಾರದ ಬಣ್ಣ, ಹೂಬಳ್ಳಿ, ಅಕ್ಷರದ ಸಾಲುಗಳು. ಕನ್ನಡಿ ಅಲ್ಲಾಡಿದ ಹಾಗೆಲ್ಲ ಬೆಳಕು ಸರಿಯುತ್ತಿತ್ತು. ಅದರ ಜೊತೆಗೆ ಅವ್ವನ ಮುಖವೂ ತಿರುಗುತ್ತಿತ್ತು.

‘ಇಷ್ಟು ಎತ್ತರಕ್ಕ ಹತ್ತಿ ಹೆಂಗ ಬರದಾರ ನೋಡು’ ಅಂದಳು. ಉಳಿದವರೆಲ್ಲ ಹೊರಗೆ ಹೋದ ಮೇಲೂ ಅವಳು ನಿಂತೇ ಇದ್ದಳು. ಡ್ರೈವರ್ ಹಾರ್ನ್ ಹೊಡೆದ. ‘ತಡಿಯಪ್ಪಾ, ಬಂದೆ’ ಎಂದು ಇಲ್ಲಿಂದಲೇ ಕೂಗಿ ಹೇಳಿ, ಕನ್ನಡಿಯವರಿಗೆ ಇನ್ನೊಂದು ಸಲ ಹಿಡಿಯಲು ಹೇಳಿದಳು.